ಮೊದಲು ಹುಳದ ಬಾಯಿ ನೋಡಿ, ಆಮೇಲೆ ಮದ್ದಿನ ಬಾಟ್ಲಿ ನೋಡಿ

ವಾರಕ್ಕೆ ಏನಿಲ್ಲ ಅಂದ್ರೂ ಹತ್ತು ಹದಿನೈದು ಫೋಟೋ ನನ್ನ ವಾಟ್ಸಾಪ್‌ಗೆ ಬರ್ತವೆ. ತೂತಾದ ಅಡಿಕೆ ಸೋಗೆ, ಕರಿ ಹಿಡಿದ ತೆಂಗಿನ ಗರಿ, ಮುದುಡಿದ ಮೆಣಸಿನ ಗಿಡ, ಸುಟ್ಟಂತಾದ ಗೇರು ಚಿಗುರು. ಕೆಳಗೆ ಒಂದೇ ಸಾಲು: "ಅಣ್ಣಾ, ಇದಕ್ಕೆ ಯಾವ ಮದ್ದು?" ಹೆಚ್ಚಿನವರು ಅಷ್ಟರಲ್ಲೇ ಅಂಗಡಿಗೆ ಹೋಗಿ ಒಂದು ಬಾಟ್ಲಿ ತಂದಿರುತ್ತಾರೆ. ಒಮ್ಮೊಮ್ಮೆ ಎರಡು ಬಾಟ್ಲಿ, "ಮಿಕ್ಸ್ ಮಾಡಿ ಬಿಡಿ" ಅಂತ ಅಂಗಡಿಯವರೇ ಹೇಳಿ ಕೊಟ್ಟದ್ದು.

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಅದು ಕಚ್ಚಿ ತಿನ್ನುವ ಹುಳವೋ, ಚುಚ್ಚಿ ಹೀರುವ ಹುಳವೋ?

ತಮಾಷೆಗೆ ಕೇಳುವುದಲ್ಲ. ಹುಳದ ಬಾಯಿ ಹೇಗಿದೆ ಎಂಬುದರ ಮೇಲೆ ಅದು ಗಿಡದ ಯಾವ ಭಾಗಕ್ಕೆ ಕೈ ಹಾಕುತ್ತದೆ, ಯಾವ ಗುರುತು ಬಿಡುತ್ತದೆ, ಯಾವ ಮದ್ದು ಅದರ ಹೊಟ್ಟೆಗೆ ಹೋಗುತ್ತದೆ, ಯಾವುದು ಹೋಗುವುದೇ ಇಲ್ಲ ಎಂಬುದೆಲ್ಲ ನಿಂತಿದೆ. ಇದು ಗೊತ್ತಿಲ್ಲದೆ ಮದ್ದು ಬಿಟ್ಟರೆ ಹಣವೂ ಹೋಯಿತು, ಹುಳವೂ ಉಳಿಯಿತು. ನಮ್ಮ ಕಾರ್ಕಳದ ಗದ್ದೆ, ತೋಟ, ಗುಡ್ಡೆಗಳ ಉದಾಹರಣೆ ಇಟ್ಟುಕೊಂಡೇ ಈ ವಾರ ಅದನ್ನು ನೋಡೋಣ.

ಸಾಮಾನು ಒಂದೇ, ಹತಾರು ಬೇರೆ

ಎಲ್ಲಾ ಕೀಟಗಳ ಬಾಯಿಯ ಮೂಲ ಸಾಮಾನು ಒಂದೇ. ಒಂದು ಮೇಲ್ದುಟಿ, ಒಂದು ಜೊತೆ ಗಟ್ಟಿ ದವಡೆ, ಅದರ ಹಿಂದೆ ಒಂದು ಜೊತೆ ಕಿರುದವಡೆ, ಒಂದು ಕೆಳದುಟಿ, ನಡುವೆ ನಾಲಗೆಯ ಹಾಗಿನ ಒಂದು ಭಾಗ. ಇವು ಸಾದಾ ರೂಪದಲ್ಲಿ ಕಾಣಬೇಕಾದರೆ ಗದ್ದೆಯ ಹುಣಿಯಲ್ಲಿ ಒಂದು ಮಿಡತೆ ಹಿಡಿದು ನೋಡಿ. ಅದರ ದವಡೆ ನಮ್ಮ ಹಾಗೆ ಮೇಲೆ ಕೆಳಗೆ ಆಡುವುದಿಲ್ಲ, ಎಡ ಬಲದಿಂದ ಬಂದು ಕೂಡುತ್ತದೆ. ಅಡಿಕೆ ಕತ್ತರಿಯನ್ನು ಅಡ್ಡ ಹಿಡಿದ ಹಾಗೆ.

ಇದೇ ಭಾಗಗಳು ಬೇರೆ ಬೇರೆ ಕೀಟಗಳಲ್ಲಿ ಬೇರೆ ಬೇರೆ ಆಕಾರಕ್ಕೆ ಬಂದಿವೆ. ತಿಗಣೆ, ಜಿಗಿಹುಳು, ಬಿಳಿನೊಣ, ಹೇನುಗಳಲ್ಲಿ ದವಡೆ ಮತ್ತು ಕಿರುದವಡೆಗಳು ನಾಲ್ಕು ಸೂಜಿಗಳಾಗಿವೆ. ಕೆಳದುಟಿ ಆ ಸೂಜಿಗಳನ್ನು ಇಡುವ ಒರೆ. ಒಳಗಿನ ಎರಡು ಸೂಜಿಗಳು ಕೂಡಿದಾಗ ನಡುವೆ ಎರಡು ದಾರಿ ಆಗುತ್ತದೆ. ಒಂದರಲ್ಲಿ ಜೊಲ್ಲು ಗಿಡದೊಳಗೆ ಇಳಿಯುತ್ತದೆ, ಇನ್ನೊಂದರಲ್ಲಿ ರಸ ಮೇಲೆ ಬರುತ್ತದೆ. ಚಿಟ್ಟೆಯಲ್ಲಿ ಕಿರುದವಡೆಯೇ ಉದ್ದನೆ ಕೊಳವೆಯಾಗಿದೆ, ಬೇಡದಾಗ ಸುರುಳಿ ಸುತ್ತಿ ಇಟ್ಟುಕೊಳ್ಳುತ್ತದೆ. ಜೇನುನೊಣದಲ್ಲಿ ಕಿರುದವಡೆ, ಕೆಳದುಟಿ ಸೇರಿ ಮಕರಂದ ನೆಕ್ಕುವ ನಾಲಗೆ ಆಗಿದೆ. ದವಡೆ ಅದಕ್ಕೂ ಇದೆ, ಆದರೆ ಮೇಣದ ಕೆಲಸಕ್ಕೆ. ಮನೆ ನೊಣಕ್ಕೆ ಕೆಳದುಟಿಯ ತುದಿ ಸ್ಪಂಜಿನ ಹಾಗೆ. ಅದು ಕಚ್ಚುವುದಿಲ್ಲ, ಜೊಲ್ಲಿನಲ್ಲಿ ನೆನೆಸಿ ಒರೆಸಿ ಹೀರುತ್ತದೆ.

ಇಷ್ಟು ತಿಳಿದರೆ ಸಾಕು, ಇನ್ನು ತೋಟಕ್ಕೆ ಹೋಗೋಣ.

ಕಚ್ಚಿ ತಿನ್ನುವವರು

ಕಂಬಳಿಹುಳು, ಮಿಡತೆ, ದುಂಬಿ, ದುಂಬಿಯ ಮರಿಹುಳು, ಇವೆಲ್ಲ ಈ ಗುಂಪಿನವು. ಗುರುತು ಸುಲಭ: ಎಲೆಯ ಅಂಚು ಹೋಗಿರುತ್ತದೆ, ತೂತು ಇರುತ್ತದೆ, ಹತ್ತಿರದಲ್ಲಿ ಹಿಕ್ಕೆ ಬಿದ್ದಿರುತ್ತದೆ.

ಏಣೆಲು ಗದ್ದೆಯಲ್ಲಿ ನೀರು ನಿಂತಾಗ ಎಲೆಯನ್ನು ಕತ್ತರಿಸಿ ಕೊಳವೆ ಮಾಡಿಕೊಂಡು ತೇಲುವ ಕೊಳವೆ ಹುಳು ಇಂಥದ್ದು. ಅದಕ್ಕೆ ಬಾಟ್ಲಿ ಬೇಕಾಗಿಯೇ ಇಲ್ಲ. ಪೈರಿನ ಮೇಲೆ ಹಗ್ಗ ಎಳೆದು ಕೊಳವೆಗಳನ್ನು ಉದುರಿಸಿ, ನೀರು ಖಾಲಿ ಮಾಡಿದರೆ ಹೆಚ್ಚಿನ ಕೆಲಸ ಮುಗಿಯಿತು. ಕಾಂಡಕೊರಕ ಕೂಡ ಕಚ್ಚುವ ಹುಳವೇ, ಆದರೆ ಅದು ಪೈರಿನ ಒಳಗೆ ಕೂತಿರುತ್ತದೆ. ಎಳೆ ಪೈರಿನಲ್ಲಿ ಸುಳಿ ಒಣಗುತ್ತದೆ, ತೆನೆ ಬಂದ ಮೇಲೆ ಆದರೆ ಬಿಳಿ ಜೊಳ್ಳು ತೆನೆ ನಿಲ್ಲುತ್ತದೆ. ಹೊರಗಿಂದ ಮೈಗೆ ತಾಗಿ ಕೊಲ್ಲುವ ಮದ್ದು ಒಳಗಿನ ಹುಳಕ್ಕೆ ಮುಟ್ಟುವುದಿಲ್ಲ. ಅದರ ಮೊಟ್ಟೆ ನೇಜಿಯ ಎಲೆ ತುದಿಯಲ್ಲಿ ಇರುವುದರಿಂದ ನೆಡುವ ಮೊದಲು ತುದಿ ಕತ್ತರಿಸಿ ತೆಗೆಯುವ ಹಳೆ ಕ್ರಮಕ್ಕೆ ಒಳ್ಳೆ ಅರ್ಥ ಇದೆ.

ತೆಂಗಿನ ಕುರುವಾಯಿ ಕೀಟದ ಕತೆ ಇನ್ನೂ ಸ್ವಾರಸ್ಯ. ದುಂಬಿ ಸುಳಿಯೊಳಗೆ ತಲೆ ತೂರಿಸಿ, ಅರಳದ ಎಲೆಯನ್ನು ಅಗಿದು ರಸ ಕುಡಿಯುತ್ತದೆ. ಆ ಎಲೆ ಬಿಡಿಸಿಕೊಂಡು ಹೊರಗೆ ಬಂದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ನೀವು ಫೋಟೋ ತೆಗೆಯುವಾಗ ತಿಂದ ಹುಳು ಅಲ್ಲಿ ಇರುವುದೇ ಇಲ್ಲ. ಆದ್ದರಿಂದ ಮೇಲಿನ ಮೂರು ಎಲೆಗಳ ಕಂಕುಳಿಗೆ ಸುಮಾರು 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನ ಜೊತೆ ಸೇರಿಸಿ ತುಂಬುವುದು ಮುಂಜಾಗ್ರತೆ. ಇನ್ನು ಅದರ ಮರಿಹುಳು ಬೆಳೆಯುವುದು ಮರದಲ್ಲಿ ಅಲ್ಲ, ನಮ್ಮ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ. ಅಲ್ಲಿಗೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರ ಹಾಕಿದರೆ ಮೂಲದಲ್ಲೇ ಪೆಟ್ಟು. ಇದನ್ನು ಬಿಟ್ಟರೆ ಮುಂದಿನ ಅಪಾಯ ದೊಡ್ಡದು: ಕುರುವಾಯಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಆ ಮೂತಿ ನೋಡಿ ಹೀರುವ ಸೂಜಿ ಅಂದುಕೊಳ್ಳಬೇಡಿ. ಅದು ಉದ್ದವಾದ ತಲೆ, ತುದಿಯಲ್ಲಿ ಪುಟ್ಟ ದವಡೆ ಇದೆ. ಅದರಿಂದ ತೂತು ಕೊರೆದು ಮೊಟ್ಟೆ ಇಡುತ್ತದೆ. ಮರಿಗಳು ಒಳಗಿಂದ ಮರವನ್ನೇ ಅಗಿದು ಟೊಳ್ಳು ಮಾಡುತ್ತವೆ.

ಚುಚ್ಚಿ ಹೀರುವವರು

ಇವರು ಎಲೆ ತಿನ್ನುವುದಿಲ್ಲ. ಬೊಂಡಕ್ಕೆ ಸ್ಟ್ರಾ ಹಾಕಿದ ಹಾಗೆ ಸೂಜಿ ಇಳಿಸುತ್ತಾರೆ. ಇವರಲ್ಲೂ ಎರಡು ಪಂಗಡ ಇದೆ, ಗುರುತು ಬೇರೆ ಬೇರೆ.

ಮೊದಲನೆಯದು ಗಿಡದ ಸಕ್ಕರೆ ರಸ ಹರಿಯುವ ನಾಳಕ್ಕೇ ಸೂಜಿ ಹಾಕುವವರು. ಭತ್ತದ ಕಂದು ಜಿಗಿಹುಳು, ಬಿಳಿನೊಣ, ಹೇನು ಇತ್ಯಾದಿ. ಆ ರಸದಲ್ಲಿ ಸಕ್ಕರೆ ಜಾಸ್ತಿ, ಸಾರಜನಕದ ಅಂಶ ಕಡಿಮೆ. ಮೈ ಬೆಳೆಯುವಷ್ಟು ಸಾರಜನಕ ಸಿಗಬೇಕಾದರೆ ಹುಳು ತುಂಬಾ ರಸ ಕುಡಿಯಬೇಕು, ಮಿಕ್ಕ ಸಕ್ಕರೆ ನೀರನ್ನು ಹಿಂದಿನಿಂದ ಬಿಡಬೇಕು. ಎಲೆ ಮೇಲೆ ಅಂಟು ಅಂಟು ಆಗುವುದು ಇದರಿಂದಲೇ. ಅಂಟಿಗೆ ಇರುವೆ ಬರುತ್ತದೆ, ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಇದನ್ನು ಅರ್ಥ ಮಾಡಿಕೊಂಡರೆ ಯೂರಿಯಾ ಲೆಕ್ಕವೂ ಅರ್ಥ ಆಗುತ್ತದೆ. ಗದ್ದೆ ಕಡು ಹಸಿರಾಗಲಿ ಅಂತ ಯೂರಿಯಾ ಜಾಸ್ತಿ ಸುರಿದರೆ ರಸದಲ್ಲಿ ಸಾರಜನಕ ಏರುತ್ತದೆ, ಜಿಗಿಹುಳಕ್ಕೆ ಹಬ್ಬದೂಟ. ಸಂತಾನ ಒಂದಕ್ಕೆ ಹತ್ತಾಗುತ್ತದೆ, ಬೈಲಿನ ನಡುವೆ ವೃತ್ತಾಕಾರದಲ್ಲಿ ಪೈರು ಸುಟ್ಟ ಹಾಗೆ ಆಗುತ್ತದೆ. ಅದಕ್ಕೆ ಕಂಡ ಕಂಡ ಪೈರೆಥ್ರಾಯ್ಡ್ ಮದ್ದು ಬಿಟ್ಟರೆ ಅದನ್ನು ತಿನ್ನುವ ಜೇಡ, ಪುಟ್ಟ ತಿಗಣೆಗಳು ಮೊದಲು ಸಾಯುತ್ತವೆ, ಜಿಗಿಹುಳು ಇಮ್ಮಡಿ ಆಗಿ ವಾಪಸ್ ಬರುತ್ತದೆ. ಯೂರಿಯಾವನ್ನು ಕಂತಿನಲ್ಲಿ ಕೊಡಿ, ನೀರು ಕಟ್ಟಿ ಬಿಡುತ್ತಾ ಇರಿ, ಎರಡು ಮೂರು ಮೀಟರಿಗೊಂದು ಒಂದಡಿ ಅಗಲದ ಓಣಿ ಬಿಟ್ಟು ನೆಡಿ. ಜಿಗಿಹುಳು ಕೂರುವುದು ಪೈರಿನ ಬುಡದಲ್ಲಿ, ಅಲ್ಲಿಗೆ ಗಾಳಿ ಬೆಳಕು ಹೋಗಬೇಕು. ಮದ್ದು ಬಿಡಲೇಬೇಕಾಗಿ ಬಂದರೂ ಬುಡಕ್ಕೆ ಬೀಳಬೇಕು, ತುದಿಗೆ ಅಲ್ಲ.

ತೆಂಗಿನ ಗರಿ ಅಡಿಯಲ್ಲಿ ಬಿಳಿ ಮೇಣದ ಸುರುಳಿ, ಕೆಳಗಿನ ಗರಿ ಮೇಲೆ ಮಸಿ ಬಳಿದ ಹಾಗೆ ಇದ್ದರೆ ಅದು ರುಗೋಸ್ ಸುರುಳಿ ಬಿಳಿನೊಣ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಆಮೇಲೆ ನಮ್ಮ ಕರಾವಳಿಗೂ ಬಂತು. ಮಸಿ ನೋಡಿ ಹೆದರಿ ವಿಷ ಬಿಡಬೇಡಿ ಅಂತ ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ಮೊದಲಿನಿಂದ ಹೇಳುತ್ತಿದ್ದಾರೆ. ಈ ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ತಾನಾಗಿಯೇ ಬರುತ್ತದೆ. ವಿಷ ಬಿಟ್ಟರೆ ಮೊದಲು ಸಾಯುವುದು ಆ ಕಣಜ. ಎಳೆ ಗಿಡದಲ್ಲಿ ಮಸಿ ಜಾಸ್ತಿ ಆದರೆ ಶೇ. 1ರ ಗಂಜಿ ನೀರು ಸಿಂಪಡಿಸಿ. ಒಣಗಿದ ಮೇಲೆ ಮಸಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಎರಡನೆಯ ಪಂಗಡದ ತಿಗಣೆಗಳು ನಾಳ ಹುಡುಕುವುದಿಲ್ಲ. ಎಳೆ ಭಾಗಕ್ಕೆ ಚುಚ್ಚಿ ಜೊಲ್ಲು ಬಿಡುತ್ತವೆ, ಜೊಲ್ಲಿನಿಂದ ಸುತ್ತಲಿನ ಜೀವಕೋಶಗಳು ಕರಗುತ್ತವೆ, ಕರಗಿದ್ದನ್ನು ಹೀರುತ್ತವೆ. ಇಲ್ಲಿ ಅಂಟು ಇಲ್ಲ, ಮಸಿ ಇಲ್ಲ. ಚುಚ್ಚಿದ ಜಾಗ ಕಂದು, ಕಪ್ಪು ಕಲೆಯಾಗಿ ಸಾಯುತ್ತದೆ. ಭತ್ತ ಹಾಲು ತುಂಬುವಾಗ ಬರುವ, ಮುಟ್ಟಿದರೆ ಕೆಟ್ಟ ವಾಸನೆ ಹೊಡೆಯುವ ತೆನೆ ತಿಗಣೆ ಇದೇ ಜಾತಿ. ಕಾರ್ಲ ಕಜೆ ಅಕ್ಕಿಗೆ ಹೆಸರು ಬಂದಿರುವ ಈ ಕಾಲದಲ್ಲಿ ಕಾಳಿನ ಮೇಲಿನ ಒಂದು ಕಪ್ಪು ಚುಕ್ಕೆಗೂ ಬೆಲೆ ಇಳಿಯುತ್ತದೆ, ನೆನಪಿರಲಿ.

ಅಡಿಕೆಯಲ್ಲಿ ಎರಡು ಮೋಸ

ಕಣ್ಣಿಗೆ ಮೋಸ ಆಗುವ ಎರಡು ಕೇಸು ನಮ್ಮ ಅಡಿಕೆ ತೋಟದಲ್ಲೇ ಇವೆ.

ಒಂದು, ಸುಳಿ ತಿಗಣೆ. ಕೆಂಪು ಕಪ್ಪು ಬಣ್ಣದ ಸಣ್ಣ ತಿಗಣೆ, ಸುಳಿಯ ಕಂಕುಳಲ್ಲಿ ಗುಂಪಾಗಿ ಕೂರುತ್ತದೆ. ಅದು ಚುಚ್ಚಿದ ಜಾಗ ಕಂದು ಗೆರೆಯಾಗಿ ಒಣಗಿ, ಎಲೆ ಅರಳಿದ ಮೇಲೆ ಆ ತುಂಡು ಉದುರಿ ತೂತು ಬೀಳುತ್ತದೆ. ತೂತು ನೋಡಿದವರು ಯಾವುದೋ ಹುಳು ತಿಂದಿದೆ ಅಂತ ಕಂಬಳಿಹುಳದ ಮದ್ದು ಬಿಡುತ್ತಾರೆ. ಆದರೆ ಕಚ್ಚಿದ ತೂತಾದರೆ ಅಂಚು ಹಸಿರಾಗಿ, ತಾಜಾ ಇರುತ್ತದೆ. ಚುಚ್ಚಿ ಸತ್ತು ಉದುರಿದ ತೂತಿನ ಅಂಚು ಕಂದಾಗಿ ಒಣಗಿರುತ್ತದೆ. ಫೋನ್ ಕ್ಯಾಮೆರಾ ಜೂಮ್ ಮಾಡಿದರೆ ಇದು ಸ್ಪಷ್ಟ ಕಾಣುತ್ತದೆ. ಹಿಂದೆ ಇದಕ್ಕೆ ಫೋರೇಟ್ ಹರಳಿನ ಪೊಟ್ಟಣ ಸುಳಿಗೆ ಇಡುತ್ತಿದ್ದರು. 2020ರ ಡಿಸೆಂಬರ್ 31ರಿಂದ ಫೋರೇಟ್ ಬಳಕೆಗೆ ದೇಶದಲ್ಲೇ ನಿಷೇಧ ಇದೆ. ಯಾರಾದರೂ ಹಳೆ ಸ್ಟಾಕ್ ಕೊಟ್ಟರೆ ತಗೊಳ್ಳಬೇಡಿ.

ಎರಡು, ಎಳೆ ಅಡಿಕೆ ಉದುರುವುದು. ಮಳೆಗಾಲ ಶುರುವಾಗುವ ಮೊದಲೇ ಹಸಿರು ಕಾಯಿ ಉದುರಿದರೆ ಎಲ್ಲರ ಬಾಯಲ್ಲೂ ಕೊಳೆರೋಗದ ಮಾತು. ಬೋರ್ಡೋ ಬಿಟ್ಟದ್ದೇ ಬಿಟ್ಟದ್ದು. ಉದುರಿದ ಹತ್ತು ಕಾಯಿ ಹೆಕ್ಕಿ ಸಿಪ್ಪೆ ಸುಲಿದು ನೋಡಿ. ಒಳಗಿನ ಎಳೆ ಕಾಯಲ್ಲಿ ಸೂಜಿ ಚುಚ್ಚಿದ ಹಾಗೆ ಕಂದು ಚುಕ್ಕೆ ಇದ್ದರೆ ಅದು ರೋಗ ಅಲ್ಲ, ಪೆಂಟಟೋಮಿಡ್ ತಿಗಣೆಯ ಕೆಲಸ. ಬೋರ್ಡೋ ದ್ರಾವಣ ಶಿಲೀಂಧ್ರಕ್ಕೆ ಮದ್ದು, ತಿಗಣೆಯ ಸೂಜಿಗೆ ಅದರಿಂದ ಏನೂ ಆಗುವುದಿಲ್ಲ. ಚುಕ್ಕೆ ಇಲ್ಲದಿದ್ದರೆ ನೀರು, ಗೊಬ್ಬರ, ಬಿಸಿಲಿನ ಕಾರಣ ಹುಡುಕಿ. ಒಂದು ಚೂರಿ, ಐದು ನಿಮಿಷ. ಎಷ್ಟೋ ಸಾವಿರ ರೂಪಾಯಿ ಉಳಿಯುತ್ತದೆ.

ಕೆರೆಯುವವರು, ಮತ್ತು ಕೀಟವೇ ಅಲ್ಲದವರು

ಥ್ರಿಪ್ಸ್‌ನ ಬಾಯಿ ವಿಚಿತ್ರ. ಅದರ ಎಡ ದವಡೆ ಮಾತ್ರ ಬೆಳೆದಿರುತ್ತದೆ, ಬಲದ್ದು ಇಲ್ಲವೇ ಇಲ್ಲ ಅನ್ನಬಹುದು. ಆ ಒಂದು ದವಡೆಯಿಂದ ಎಲೆಯ ಮೇಲ್ಪದರ ಗೀರಿ ತೆರೆದು, ಒಸರಿದ ರಸ ಹೀರುತ್ತದೆ. ಖಾಲಿಯಾದ ಜೀವಕೋಶಗಳಿಗೆ ಗಾಳಿ ತುಂಬಿ ಎಲೆ ಬೆಳ್ಳಿ ಬಣ್ಣಕ್ಕೆ ಹೊಳೆಯುತ್ತದೆ. ಮೆಣಸಿನ ಗಿಡದಲ್ಲಿ ಎಲೆ ಮೇಲ್ಮುಖ ಮುದುಡಿದರೆ ಥ್ರಿಪ್ಸ್, ಕೆಳಮುಖ ಮುದುಡಿದರೆ ನುಸಿ. ಇದೊಂದು ಗುರುತು ಬಾಯಿಪಾಠ ಮಾಡಿಟ್ಟುಕೊಳ್ಳಿ. ಯಾಕೆಂದರೆ ನುಸಿ ಕೀಟವೇ ಅಲ್ಲ, ಎಂಟು ಕಾಲಿನ ಜೇಡದ ಬಳಗ. ಹಲವು ಕೀಟನಾಶಕಗಳು ಅದಕ್ಕೆ ತಾಗುವುದೇ ಇಲ್ಲ, ನುಸಿನಾಶಕವೇ ಬೇಕು.

ಒಂದೇ ಗಿಡ, ಎರಡು ಬಾಯಿ: ಬಿಳಿ ಬೆಂಡೆ

ಕಾರ್ಕಳದ ಬಿಳಿ ಬೆಂಡೆ ಬೆಳೆಯುವವರಿಗೆ ಈ ಪಾಠ ಒಂದೇ ಗಿಡದಲ್ಲಿ ಸಿಗುತ್ತದೆ. ಎಲೆಯ ಅಂಚು ಹಳದಿಯಾಗಿ ದೋಣಿಯ ಹಾಗೆ ಮೇಲೆ ಮಡಚಿದ್ದರೆ ಅಡಿಯಲ್ಲಿ ಹಸಿರು ಜಿಗಿಹುಳು ಇರುತ್ತದೆ, ಚುಚ್ಚುವ ಬಾಯಿ. ಕಾಯಲ್ಲಿ ತೂತು, ಹಿಕ್ಕೆ ಇದ್ದರೆ ಒಳಗೆ ಕಾಯಿಕೊರಕ, ಕಚ್ಚುವ ಬಾಯಿ.

ಈಗ ಬಿ.ಟಿ. ಎಂಬ ಜೈವಿಕ ಮದ್ದು ತಂದಿರಿ ಅಂತ ಇಟ್ಟುಕೊಳ್ಳಿ. ಇದು ಬ್ಯಾಕ್ಟೀರಿಯಾದ ಪುಡಿ. ಹುಳು ಎಲೆಯ ಜೊತೆ ಇದನ್ನು ತಿನ್ನಬೇಕು, ಹೊಟ್ಟೆಯಲ್ಲಿ ಅದು ಕರಗಿ ಕರುಳಿನ ಗೋಡೆ ಒಡೆಯಬೇಕು, ಆಗ ಮಾತ್ರ ಕೆಲಸ. ಕಾಯಿಕೊರಕ ಮೊಟ್ಟೆಯೊಡೆದು ಕಾಯೊಳಗೆ ಹೋಗುವ ಮೊದಲು, ಸಂಜೆ ಹೊತ್ತು ಬಿಟ್ಟರೆ ಒಳ್ಳೆ ಫಲಿತಾಂಶ. ಜಿಗಿಹುಳಕ್ಕೆ? ಸೊನ್ನೆ. ಅದು ಎಲೆಯ ಮೇಲಿದ್ದದ್ದನ್ನು ತಿನ್ನುವುದೇ ಇಲ್ಲ, ಸೂಜಿ ನೇರ ಒಳಗೆ ಹೋಗುತ್ತದೆ. ಅದಕ್ಕೆ ಒಂದೋ ಮೈಗೆ ತಾಗುವ ಮದ್ದು, ಇಲ್ಲವೇ ಗಿಡದ ರಸದಲ್ಲಿ ಸೇರುವ ಅಂತರ್ವ್ಯಾಪಿ ಮದ್ದು. ಜೈವಿಕವೇ ಬೇಕಾದರೆ ಬವೇರಿಯಾ, ಲೆಕಾನಿಸಿಲಿಯಂನಂಥ ಶಿಲೀಂಧ್ರಗಳು ಚರ್ಮದ ಮೂಲಕವೇ ಒಳಹೋಗುತ್ತವೆ. ಬಾಯಿ ಯಾವುದಾದರೂ ಅವಕ್ಕೆ ನಡೆಯುತ್ತದೆ, ಹವೆಯಲ್ಲಿ ತೇವ ಇರಬೇಕು ಅಷ್ಟೆ.

ಬಾಟ್ಲಿಯ ಲೇಬಲ್ ಮೇಲೆ ಸಿಸ್ಟಮಿಕ್, ಕಾಂಟ್ಯಾಕ್ಟ್, ಸ್ಟಮಕ್ ಅಂತ ಇರುವ ಶಬ್ದಗಳಿಗೆ ಇಷ್ಟೇ ಅರ್ಥ: ರಸದ ಮೂಲಕ, ಮೈಯ ಮೂಲಕ, ಹೊಟ್ಟೆಯ ಮೂಲಕ. ಪಕ್ಕದ ತ್ರಿಕೋನದ ಬಣ್ಣವನ್ನೂ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು.

ಕೂದಲಿನಷ್ಟು ಸಪೂರ ಸೂಜಿ, ಹೆಲಿಕಾಪ್ಟರಿನಷ್ಟು ದೊಡ್ಡ ಮದ್ದು

ಗೇರು ಗುಡ್ಡೆ ಇದ್ದವರಿಗೆಲ್ಲ ಗೊತ್ತಿರುವ ಶತ್ರು ಚಹಾ ಸೊಳ್ಳೆ. ಹೆಸರು ಸೊಳ್ಳೆ, ಜಾತಿ ತಿಗಣೆ. ಬೆನ್ನ ಮೇಲೆ ಗುಂಡುಸೂಜಿ ನೆಟ್ಟ ಹಾಗೆ ಒಂದು ಮುಳ್ಳು ಎದ್ದಿರುತ್ತದೆ, ಫೋನಿನಲ್ಲಿ ಫೋಟೋ ತೆಗೆದರೆ ಇದೇ ಗುರುತು. ಎಳೆ ಚಿಗುರು, ಹೂಗೊಂಚಲು, ಎಳೆ ಬೀಜಕ್ಕೆ ಚುಚ್ಚುತ್ತದೆ. ಜೊಲ್ಲಿನ ವಿಷಕ್ಕೆ ಚಿಗುರು ಸುಟ್ಟಂತೆ ಕರಟುತ್ತದೆ. ಬಲಿತ ಎಲೆಯ ಗೋಜಿಗೆ ಅದು ಹೋಗುವುದಿಲ್ಲ.

ಈ ಹುಳದ ಹೆಸರಿನಲ್ಲಿ ನಮ್ಮ ನೆರೆಯಲ್ಲಿ ನಡೆದದ್ದನ್ನು ನಿಮ್ಮ ವಯಸ್ಸಿನವರು ತಿಳಿದಿರಬೇಕು. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕನ್ನಡ ಮಾತಾಡುವ ಎಣ್ಮಕಜೆ, ಪಡ್ರೆ ಆ ಮಳೆಯ ಕೆಳಗೇ ಇದ್ದ ಊರುಗಳು. ನಮ್ಮ ಕಡೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಗೇರು ನೆಡುತೋಪುಗಳಿಗೆ ಹೀಗೇ ಸಿಂಪಡಣೆ ಆಯಿತು. ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳನ್ನು ಇಂದಿಗೂ ಎತ್ತಿ ಸಾಕುತ್ತಿರುವ ತಾಯಂದಿರು ಆ ಊರುಗಳಲ್ಲಿದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. 2017ರಲ್ಲಿ ಅದೇ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು.

ಎಂಡೋಸಲ್ಫಾನಿಗೆ ಚಹಾ ಸೊಳ್ಳೆ ಸಾಯುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಸಾಯುತ್ತಿತ್ತು. ಆದರೆ ಅದರ ಬಾಯಿ ಎಳೆ ತುದಿಗೆ ಮಾತ್ರ, ಚಿಗುರು, ಹೂ, ಎಳೆಕಾಯಿಯ ಹಂತದಲ್ಲಿ ಮಾತ್ರ. ಮದ್ದು ಬೇಕಾದದ್ದು ಅಂಗೈ ಅಗಲದ ಜಾಗಕ್ಕೆ. ಬಿದ್ದದ್ದು ಇಡೀ ಗುಡ್ಡೆಗೆ, ಸುರಂಗಕ್ಕೆ, ಬಾವಿಗೆ, ಹಟ್ಟಿಗೆ, ಮನೆ ಮಾಡಿಗೆ. ಹುಳದ ಬಾಯಿ ಎಲ್ಲಿಗೆ ಹೋಗುತ್ತದೆ ಅಂತ ನೋಡದೆ ಮದ್ದು ಬಿಟ್ಟರೆ ಕೊನೆಗೆ ಅದು ಯಾರ ಬಾಯಿಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನನ್ನ ಗೇರು ಗುಡ್ಡೆಯಲ್ಲಿ ನಾನು ಚಿಗುರು ಎಣಿಸಿಯೇ ಮುಂದಿನ ಮಾತು. ಹೊಸ ಚಿಗುರಿನಲ್ಲಿ ಕಪ್ಪು ಕಲೆ ಕಂಡ ಮರಕ್ಕೆ ಮಾತ್ರ, ತುದಿಗೆ ಮಾತ್ರ ಮದ್ದು. ಚಗಳಿ ಇರುವೆ ಗೂಡು ಕಟ್ಟಿದ ಮರವನ್ನು ಮುಟ್ಟುವುದೇ ಇಲ್ಲ. ಆ ಮರಗಳಲ್ಲಿ ಸೊಳ್ಳೆಯ ಕಾಟ ಕಡಿಮೆ. ಗೇರು ಹಣ್ಣು ಹೆಕ್ಕುವಾಗ ನಾಲ್ಕು ಕಡಿತ ತಿನ್ನಬೇಕು, ಅದೇ ಅದರ ಸಂಬಳ.

ನೆಕ್ಕುವ ನಾಲಗೆಯನ್ನೂ ನೆನಪಿಡಿ

ಗೇರು ಹೂವಿಗೂ, ತೆಂಗಿನ ಹಿಂಗಾರಕ್ಕೂ ತುಡುವೆ ಜೇನು, ಮಿಸ್ರಿ ಜೇನು ಬರುತ್ತವೆ. ಅವುಗಳ ಬಾಯಿ ಗಿಡವನ್ನು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಆದರೆ ಅಂತರ್ವ್ಯಾಪಿ ಮದ್ದು ಗಿಡದ ರಸದಲ್ಲಿ ಸೇರಿದರೆ ಮಕರಂದಕ್ಕೂ ಬರುತ್ತದೆ, ಆ ನಾಲಗೆಗೂ ಬರುತ್ತದೆ. ಹೂ ಅರಳಿದ ಸಮಯದಲ್ಲಿ ಮದ್ದು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಜೇನು ಗೂಡಿಗೆ ಮರಳಿದ ಮೇಲೆ, ಮುಸ್ಸಂಜೆಗೆ.

ಈ ವಾರ ಮಾಡಬೇಕಾದದ್ದು

• ಹಾನಿಯ ಫೋಟೋ ಮಾತ್ರ ಅಲ್ಲ, ಎಲೆ ತಿರುಗಿಸಿ ಅಡಿಯ ಫೋಟೋವನ್ನೂ ತೆಗೆಯಿರಿ. ಬೆಳಿಗ್ಗೆ ಬೇಗ ಹೋದರೆ ಹುಳು ಸಿಗುತ್ತದೆ.

• ಅಂಚು ಹೋಗಿದೆ, ಹಿಕ್ಕೆ ಇದೆ: ಕಚ್ಚುವ ಬಾಯಿ. ಅಂಟು, ಮಸಿ, ಇರುವೆ: ರಸ ಹೀರುವ ಬಾಯಿ. ಒಣ ಕಂದು ಕಲೆ, ಕರಟಿದ ತುದಿ: ತಿಗಣೆಯ ವಿಷ ಜೊಲ್ಲು. ಬೆಳ್ಳಿ ಹೊಳಪು: ಥ್ರಿಪ್ಸ್.

• ಕಂಬಳಿಹುಳಕ್ಕೂ ಅದರ ಚಿಟ್ಟೆಗೂ ಬಾಯಿ ಬೇರೆ. ಗದ್ದೆಯಲ್ಲಿ ಹಾರುವ ಚಿಟ್ಟೆ ಎಲೆ ತಿನ್ನುವುದಿಲ್ಲ, ಮೊಟ್ಟೆ ಇಡಲು ಬಂದಿದೆ. ತಿಗಣೆ, ಜಿಗಿಹುಳುಗಳಿಗೆ ಹಾಗಲ್ಲ. ಮರಿಗೂ ದೊಡ್ಡದಕ್ಕೂ ಅದೇ ಸೂಜಿ, ಎರಡೂ ಹಾನಿ ಮಾಡುತ್ತವೆ.

• ಗೊತ್ತಾಗದಿದ್ದರೆ ಹುಳವನ್ನೇ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಂಡುಹೋಗಿ. ಗೇರಿನ ವಿಷಯಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಅಡಿಕೆಗೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರ ಇದೆ. ಯಾವ ಮದ್ದು, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಎಂಬುದನ್ನು ಅವರನ್ನೇ ಕೇಳಿ, ಬರೆದುಕೊಳ್ಳಿ.

ಅಂಗಡಿಯ ಕೌಂಟರಿನಲ್ಲಿ ನಿಂತು ನೀವು ಕೇಳಬೇಕಾದ ಪ್ರಶ್ನೆ "ಯಾವುದು ಸ್ಟ್ರಾಂಗ್ ಇದೆ?" ಅಂತ ಅಲ್ಲ. "ಇದು ರಸದಲ್ಲಿ ಹೋಗುವುದೋ, ಮೈಗೆ ತಾಗುವುದೋ, ಹೊಟ್ಟೆಗೆ ಹೋಗುವುದೋ?" ಅಂತ. ಉತ್ತರ ಕೊಡಲು ತಡವರಿಸಿದರೆ ಬಾಟ್ಲಿ ಅಲ್ಲೇ ಇಟ್ಟು ಬನ್ನಿ. ಎರಡು ದಿನ ತಡವಾದರೆ ತೋಟ ಮುಳುಗುವುದಿಲ್ಲ.